ಟಿವಿ ತಾತನ ಎರಡನೇ ಪೆಟ್ಟಿಗೆ

ಟಿವಿ ತಾತನ ತಲೆ ಒಡೆದಿತ್ತು. ಒಂದೇಟಿಗಲ್ಲ, ನಾಲ್ಕೈದು ಏಟಿಗೆ. ಪಕ್ಕದಲ್ಲೇ ರಕ್ತ ಮೆತ್ತಿದ, ಇಟ್ಟಿಗೆ ಗಾತ್ರದ ಕಬ್ಬಿಣದ ಟ್ರಾನ್ಸ್‌ಫಾರ್ಮರ್. ದೇಶದ ಮೊದಲ ಟಿವಿ ಕಟ್ಟಿದ ಮನುಷ್ಯ ತನ್ನದೇ ವರ್ಕ್‌ಶಾಪಿನಲ್ಲಿ, ಅಯ್ಯೋ, ಗುರುತು ಸಿಗದ ಹಾಗೆ ಬಿದ್ದಿದ್ದ. ಆ ಮೊದಲ ಟಿವಿಯನ್ನೂ ಯಾರೋ ನೆಲಕ್ಕೆ ಅಪ್ಪಳಿಸಿದ್ದರು.

ಮಗನ ಅಂಗಿ ತುಂಬ ರಕ್ತ. ಹಿಂದಿನ ದಿನ ಅಪ್ಪ-ಮಗ ಬೀದಿಗೆ ಕೇಳುವಂತೆ ಕಚ್ಚಾಡಿದ್ದರು. ಪೇದೆ ಆಗಲೇ ಅವನ ತುಟಿ ಒಡೆಯುವಂತೆ ಬಾರಿಸಿದ್ದ.

"ಅಪ್ಪನ್ನ ಎತ್ತಿ ತೊಡೆ ಮೇಲೆ ಹಾಕ್ಕೊಂಡ ಕಣಮ್ಮಾ, ಆ ರಕ್ತ ಅದು!" ತಾತನ ಹೆಂಡತಿ ಇನ್ಸ್‌ಪೆಕ್ಟರಮ್ಮನ ಕೈ ಹಿಡಿದಳು. "ಅವರಂತೂ ಹೋದರು. ಮಗನನ್ನಾದರೂ ಉಳಿಸಿಕೊಡು."

"ಕೇಸು ಮುಗೀತಲ್ಲ ಮೇಡಂ," ಎಂದ ಪೇದೆ.

"ನೀನು ಮೊದಲು ಕೈ ನೆಟ್ಟಗಿಟ್ಕೋ. ಕೇಸು ನಾನು ನೋಡ್ಕೋತೀನಿ."

*

ಒಡೆದ ಟಿವಿಯೊಳಗೆ ಒಂದು ತುಂಡು ವೈರು. ಎರಡು ತುದಿಗೂ ಕ್ಲಿಪ್ಪು. ದೊಡ್ಡ ಕೆಪಾಸಿಟರಿನ ಎರಡೂ ಕಾಲುಗಳನ್ನು ಅದು ಕಚ್ಚಿಕೊಂಡಿತ್ತು. ಕ್ಲಿಪ್ಪಿನ ಮೇಲೆ ರಕ್ತ.

"ಇದ್ಯಾಕಜ್ಜಿ?" ಇನ್ಸ್‌ಪೆಕ್ಟರಮ್ಮ ತಾತನ ಹೆಂಡತಿಯನ್ನು ಕೇಳಿದಳು.

"ಪ್ಲಗ್ ಕಿತ್ತರೂ ಆ ಡಬ್ಬೀಲಿ ಕರೆಂಟು ಉಳಿದಿರತ್ತೆ. ಮೊದಲು ವೈರು ಹಾಕಿ ಖಾಲಿ ಮಾಡಬೇಕು. ಸತ್ತ ಯಂತ್ರಾನೂ ನಂಬಬೇಡ ಅಂತಿದ್ರು. ನನ್ನ ಮಗ ಚಿಕ್ಕೋನಿದ್ದಾಗ ಒಮ್ಮೆ ಮುಟ್ಟಿ ಹೊಡೆಸಿಕೊಂಡ. ಆಮೇಲೆ ಈ ಕೋಣೆಗೆ ಕಾಲಿಟ್ಟಿದ್ದು ಇವತ್ತೇ."

*

ಮೊದಲಿನಿಂದ ತಾತನ ಜೊತೆಗಿದ್ದ ಶಿಷ್ಯ ಹೊರಗೆ ಬಿಕ್ಕುತ್ತಿದ್ದ. "ಆ ಪಾಪಿ ಮಗನನ್ನ ನೇಣಿಗೆ ಹಾಕಿ ಮೇಡಂ."

"ಹಾಕೋಣ. ತಾತ ಕಟ್ಟಿದ ಎರಡನೇ ಟಿವಿ ಕಪಾಟಲ್ಲಿದೆ. ಒಳಗೆ ಬಂದು ಸ್ವಲ್ಪ ಇಳಿಸಿಕೊಡಿ."

ವರ್ಷಗಟ್ಟಲೆ ಧೂಳು ತಿಂದ ಪೆಟ್ಟಿಗೆ. ಪ್ಲಗ್ಗೂ ಇಲ್ಲ, ಹಿಂದಿನ ಮುಚ್ಚಳವೂ ಇಲ್ಲ. ಶಿಷ್ಯನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕ್ಲಿಪ್ಪಿನ ವೈರು ಹೊರಬಂತು. ಕೆಪಾಸಿಟರಿನ ಒಂದು ಕಾಲಿಗೆ ಹಾಕಿದ, ಇನ್ನೊಂದಕ್ಕೆ ಹಾಕಿದ. ಆಮೇಲಷ್ಟೇ ಪೆಟ್ಟಿಗೆ ಹಿಡಿದ.

"ಸಾಕು, ಬಿಡಿ," ಎಂದಳು ಇನ್ಸ್‌ಪೆಕ್ಟರಮ್ಮ. "ಒಡೆದ ಟಿವಿಯ ಕ್ಲಿಪ್ಪಿನ ಮೇಲೆ ರಕ್ತ ಇದೆ; ಅಂದ್ರೆ ಕೊಂದವನೇ ವೈರು ಹಾಕಿ ಆಮೇಲೆ ಅದನ್ನ ಒಡೆದಿದ್ದಾನೆ. ಮಗ ಆ ಟಿವಿ ಹತ್ತಿರಾನೂ ಸುಳೀತಿರಲಿಲ್ಲ. ಹೊರಗಿನ ಕಳ್ಳನಿಗೆ ಈ ವೈರಿನ ವಿಷಯವೇ ಗೊತ್ತಿರಲ್ಲ. ಗುರುವನ್ನ ಕೊಂದ ಕೈಯಲ್ಲೇ ಗುರು ಕಲಿಸಿದ್ದನ್ನ ಚಾಚೂ ತಪ್ಪದೆ ಮಾಡಿದ್ದೀರಲ್ಲ!"

ಅವನು ಮೇಜಿನ ಮೇಲಿದ್ದ ಸುತ್ತಿಗೆ ಎತ್ತಿ ನುಗ್ಗಿದ. ಪೇದೆ ಲಾಠಿ ಬೀಸಿದ. ಮಣಿಕಟ್ಟಿನ ಮೂಳೆ ಲಟಕ್ಕೆಂದಿತು.

"ಆ ಮೊದಲನೇ ಟಿವಿ ನಂದು!" ನೆಲಕ್ಕೆ ಬಿದ್ದವನು ಅರಚಿದ. "ತಲೆ ಓಡಿಸಿದ್ದು ನಾನು, ಹಾರ ಹಾಕಿಸಿಕೊಂಡಿದ್ದು ಅವನು! ಮುಂದಿನ ವಾರದ ಸನ್ಮಾನದಲ್ಲಾದರೂ ಒಂದೇ ಒಂದ್ಸಲ ನನ್ನ ಹೆಸರು ಹೇಳಿ ಅಂದೆ. ನೀನು ಬೆಸುಗೆ ಹಾಕಿದೋನು ಅಷ್ಟೇ ಅಂತ ನಕ್ಕ. ನನಗಿಲ್ಲದ್ದು ಅವನಿಗೂ ಬೇಡ ಅಂತ ಅದನ್ನೂ ಒಡೆದೆ."

ಅಜ್ಜಿ ಅವನ ಮುಂದೆ ಬಂದು ನಿಂತಳು.

"ಅದು ನಿಂದೇ ಅಂತ ಈ ಮನೇಲಿ ಎಲ್ಲರಿಗೂ ಗೊತ್ತಿತ್ತು ಕಣೋ. ನಿನ್ನೆ ಅಪ್ಪ-ಮಗ ಕಚ್ಚಾಡಿದ್ದು ಯಾಕೆ ಗೊತ್ತಾ? ಆ ಸನ್ಮಾನದ ಸಭೇಲಿ ನಿನ್ನ ಹೆಸರು ಹೇಳಲೇಬೇಕು ಅಂತ ನನ್ನ ಮಗ ಹಟ ಹಿಡಿದಿದ್ದ."

ಶಿಷ್ಯ ತಲೆ ಎತ್ತಿ ಬಾಗಿಲ ಕಡೆ ನೋಡಿದ. ಅಲ್ಲಿ ಮಗ ಒಡೆದ ತುಟಿ ಒರೆಸಿಕೊಳ್ಳುತ್ತಾ ನಿಂತಿದ್ದ.