ನಲವತ್ತೊಂದು ಬಾಗಿಲು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರು ಒಂದೇ ಸಾಲಿನದು: ಸಮೀಕ್ಷೆ ಕಚೇರಿಯ ಬೀರುವಿನಿಂದ ಮನೆಪಟ್ಟಿ ಪುಸ್ತಕ ಕಳುವಾಗಿದೆ. ದೂರು ತಂದವಳು ಮನೆ ಎಣಿಸುವ ಕೆಲಸದಾಕೆ, ಎರಡು ಮಕ್ಕಳ ತಾಯಿ. ಪುಸ್ತಕ ಹೋದರೆ ಇನ್ನೊಂದು ಬರೆದರಾಯ್ತಲ್ಲ ಎಂದ ದಫೇದಾರ. ಆಕೆಗೆ ಅಳುವೇ ಬಂತು. ಗಿರಣಿ ಹಿಂದಿನ ಬೀದಿಗೆ ಕಚೇರಿಯ ಪಟ್ಟಿಯಲ್ಲಿ ನಲವತ್ತೊಂದು ಮನೆ. ಆಕೆ ಎಣಿಸಿ ಆ ಪುಸ್ತಕದಲ್ಲಿ ಬರೆದದ್ದು ನೂರ ಅರವತ್ತಮೂರು. ಮನೆಯಲ್ಲೇ ಕೂತು ಗೀಚಿದ್ದೀಯ, ಸಂಜೆ ಐದರೊಳಗೆ ಪುಸ್ತಕ ತೋರಿಸು, ಇಲ್ಲ ಕೆಲಸ ಬಿಡು ಎಂದಿದ್ದರಂತೆ ಮೇಲಧಿಕಾರಿ.

ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ಬರೆಸಿದರು. "ಲೆಕ್ಕ ಹೆಚ್ಚುಕಡಿಮೆ ಆದ್ರೆ ಯಾರಿಗೇನು ನಷ್ಟ?"

"ಬೀದೀಲಿ ಹತ್ತೇ ಮನೆ ಕೇಳ್ತೀವಿ ಮೇಡಂ. ಎರಡರಲ್ಲಿ ಜ್ವರ ಇದ್ರೆ, ನಲವತ್ತೊಂದು ಮನೆಗೆ ಎಂಟು ಅಂತ ಲೆಕ್ಕ. ನಿಜವಾಗಿ ಮೂವತ್ತಮೂರು. ಔಷಧಿ ಬರೋದು ಎಂಟಕ್ಕೇ."

ಹನ್ನೊಂದೂವರೆಗೆ ಕಚೇರಿಯಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕೀಲಿ ಎರಡು: ಒಂದು ಮೇಲಧಿಕಾರಿಯದು, ಇನ್ನೊಂದು ಪಟ್ಟಿ ಗುಮಾಸ್ತನದು. ಮೂವತ್ತು ವರ್ಷದಲ್ಲಿ ಒಂದಂಕಿ ತಪ್ಪಿದವನಲ್ಲ ಎಂದು ಕಚೇರಿಯೇ ಕೊಂಡಾಡುವ ಮನುಷ್ಯ. ಯಾರೂ ಕೇಳದೆಯೇ ತನ್ನ ಚೀಲ ಎದೆಗವಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ! ಇನ್‌ಸ್ಪೆಕ್ಟರಮ್ಮ ಕಂಡೂ ಕಾಣದಂತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಜಾಯಮಾನ ಅವರದು.

ಅಲ್ಲಿಂದ ಗಿರಣಿ ಹಿಂದಿನ ಬೀದಿಗೆ. ಕೆಳಗೆ ನಿಂತು ಎಣಿಸಿದರೆ ಬಾಗಿಲು ಸರಿಯಾಗಿ ನಲವತ್ತೊಂದು. ಒಳಗೆ ಹೋದರೆ ಪ್ರತಿ ಬಾಗಿಲ ಹಿಂದೆಯೂ ಕಡಿದಾದ ಮೆಟ್ಟಿಲು, ಕೆಳಗೊಂದು ಒಲೆ, ಮೇಲೆ ಮೂರು ಮಹಡಿ, ಮಹಡಿಗೊಂದು ಒಲೆ; ಒಂದು ಮಹಡಿ ಮಾತ್ರ ಖಾಲಿ. ಹತ್ತಿ ಇಳಿದು ದಫೇದಾರನ ಹೊಟ್ಟೆ ಎರಡಿಂಚು ಕರಗಿರಬೇಕು. ಪಟ್ಟಿ ಬರೆಯಲು ಇಲ್ಲಿಯವರೆಗೆ ಹತ್ತಿ ಬಂದವಳು ಆ ಹೆಂಗಸೊಬ್ಬಳೇ ಎಂದಳು ತುದಿಮಹಡಿಯ ಅಜ್ಜಿ. ಮೂರು ಗಂಟೆಗೆ ಎಣಿಕೆ ಮುಗಿಯಿತು: ನೂರ ಅರವತ್ತಮೂರು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಮೂರೂ ನಲವತ್ತಕ್ಕೆ ಮೇಲಧಿಕಾರಿಯನ್ನೂ ಗುಮಾಸ್ತನನ್ನೂ ಅಲ್ಲಿಗೇ ಕರೆಸಿದರು.

"ಮೇಲೆ ಬನ್ನಿ, ಎಣಿಸೋಣ."

ಗುಮಾಸ್ತ ಐದನೇ ಮೆಟ್ಟಿಲಲ್ಲೇ ಕಂಬಿ ಹಿಡಿದು ಕುಸಿದು ಕೂತ.

"ಎಷ್ಟು ದಿನದಿಂದ ಹೀಗೆ?"

"ಮಂಡಿ ಹೋಗಿ ಆರು ವರ್ಷ. ಕೆಳಗೇ ನಿಂತು ಬಾಗಿಲು ಎಣಿಸಿ ಪಟ್ಟಿ ಬರೀತಿದ್ದೆ."

"ಪುಸ್ತಕ?"

ಅವನು ಚೀಲ ಬಿಚ್ಚಿದ. "ಸುಡೋಣ ಅಂತ ಒಯ್ದೆ. ಸರಿಯಾದ ಲೆಕ್ಕ ತಾಯಿ, ಸುಡೋಕೆ ಕೈ ಬರಲಿಲ್ಲ."

ನಾಲ್ಕೂ ಹತ್ತಕ್ಕೆ ಬಂಧನ. ಜಪ್ತಿ ಪಂಚನಾಮೆಗೆ ಸಹಿ ಹಾಕಿದ ಮೇಲಧಿಕಾರಿ ಎಲ್ಲರೆದುರೇ ಆಕೆಯ ಕ್ಷಮೆ ಕೇಳಿ, ಊರಿನ ಅಷ್ಟೂ ಬೀದಿಗಳನ್ನು ಹೊಸದಾಗಿ ಎಣಿಸುವ ಹೊಣೆಯನ್ನು ಆಕೆಗೇ ಒಪ್ಪಿಸಿದರು. ಕಿಟಕಿ ಕಿಟಕಿಗಳಿಂದ ಚಪ್ಪಾಳೆ ಬಿತ್ತು. ಆಕೆ ಕಚೇರಿಯ ಪಟ್ಟಿಯಲ್ಲಿ ಹಳೇ ಅಂಕಿ ಹೊಡೆದುಹಾಕಿ ನೂರ ಅರವತ್ತಮೂರು ಎಂದು ದಪ್ಪಗೆ ಬರೆದಳು.

ಹತ್ತಲಾರೆ ಎಂದರೆ ಮನೆಗೆ ಕಳಿಸಿಬಿಡುತ್ತಾರೆ ಎಂಬ ಭಯವೊಂದೇ, ಬೇರೆ ಆಸೆ ಇರಲಿಲ್ಲ ಎಂದು ಗುಮಾಸ್ತನ ಹೇಳಿಕೆಯಲ್ಲಿದೆ. ಜೀಪು ಹತ್ತುವ ಮುನ್ನ ಅವನು ತಲೆಯೆತ್ತಿ ಚಪ್ಪಾಳೆ ತಟ್ಟುತ್ತಿದ್ದ ಕಿಟಕಿಗಳನ್ನು ನೋಡಿದ. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ. ಮುಗಿಯುವವರೆಗೆ ಇನ್‌ಸ್ಪೆಕ್ಟರಮ್ಮ ಕಾದರು.