ಹೆಬ್ಬೆರಳ ಬುಡದ ಗುಳಿ

ಮೊದಲ ಭೇಟಿಯಲ್ಲೇ ನಾನು ಗೆರ್ಲೋಫನ ಕೈ ಹಿಡಿದೆ. ಇಲ್ಲದ ಅರ್ಥ ಕಟ್ಟಬೇಡಿ, ಅದಕ್ಕೆ ನನಗೆ ಸಂಬಳ ಬರುತ್ತದೆ. ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಊರವರ ಕೈಕಾಲು ಹಿಡಿಯುವುದೇ ನನ್ನ ಕೆಲಸ. ಅಜ್ಜಿಯರ ಮಣಿಕಟ್ಟು, ಫುಟ್‌ಬಾಲ್ ಆಡುವವರ ಮೊಣಕಾಲು, ಸೈಕಲ್ಲಿನಿಂದ ಬಿದ್ದವರ ಕಾಲರ್ ಬೋನ್.

ಗೆರ್ಲೋಫನೂ ಸೈಕಲ್ಲಿನಿಂದಲೇ ಬಿದ್ದಿದ್ದ. ಒದ್ದೆ ಎಲೆಗಳ ಮೇಲೆ ಚಕ್ರ ಜಾರಿ, ಬೀಳುವವರೆಲ್ಲ ಮಾಡುವ ಹಾಗೆ ಕೈ ಚಾಚಿ ನೆಲಕ್ಕೆ ಊರಿದ್ದ. ಬಲಗೈ ಊದಿತ್ತು. ಎಕ್ಸ್‌ರೇಯಲ್ಲಿ ಮಾತ್ರ ಏನೂ ಇರಲಿಲ್ಲ.

"ಹಾಗಾದ್ರೆ ಮನೆಗೆ ಹೋಗ್ಲಾ?" ಎಂದ.

"ಹೆಬ್ಬೆರಳು ಮೇಲೆತ್ತಿ."

ಎತ್ತಿದ. ಬುಡದಲ್ಲಿ ಸಣ್ಣ ಗುಳಿ ಬಿತ್ತು. ಹಿಂದಿನವರು ನಶ್ಯ ಇಟ್ಟು ಸೇದುತ್ತಿದ್ದ ಗುಳಿ ಅದು. ಅಲ್ಲಿ ಮೆಲ್ಲಗೆ ಒತ್ತಿದೆ. ಅಷ್ಟು ದೊಡ್ಡ ಆಳು ನಾಯಿಮರಿಯ ಹಾಗೆ ಕುಂಯ್ ಎಂದ.

"ಇದರಡಿ ಒಂದು ಪುಟ್ಟ ಮೂಳೆ ಇದೆ, ದೋಣಿ ಆಕಾರದ್ದು," ಎಂದೆ. "ಅದು ಬಿರುಕು ಬಿಟ್ರೆ ಮೊದಮೊದಲು ಎಕ್ಸ್‌ರೇಲಿ ಕಾಣೋದೇ ಇಲ್ಲ. ಹಾಗೇ ಬಿಟ್ರೆ ರಕ್ತ ಸಿಗದೆ ಅರ್ಧ ಮೂಳೆ ಸತ್ತುಹೋಗುತ್ತೆ, ಆಮೇಲೆ ಮಣಿಕಟ್ಟೇ ಹಾಳು. ಅದಕ್ಕೇ ಬರೀ ಅನುಮಾನ ಇದ್ರೂ ಪ್ಲಾಸ್ಟರ್ ಹಾಕ್ತೀವಿ."

"ದೋಣಿನಾ? ನನ್ನ ಕೈಯೊಳಗಾ?" ಅವನ ಕಣ್ಣು ಅರಳಿತು. "ನಾನು ದೋಣಿ ಕಟ್ಟೋನು ಮೇಡಂ. ಇಷ್ಟು ವರ್ಷ ಒಳಗೇ ಒಂದು ಇಟ್ಕೊಂಡು ಓಡಾಡ್ತಿದೀನಿ, ಯಾರಾದ್ರೂ ಹೇಳ್ಬಾರ್ದಾ?"

"ಮೇಡಂ ಬೇಡ. ಹಿಸ್ಕೆ ಅನ್ನಿ."

ಹೆಸರು ಕೋಟಿನ ಮೇಲೆ ದೊಡ್ಡದಾಗಿಯೇ ಇತ್ತು. ಆದರೂ ಬಾಯಿಬಿಟ್ಟು ಹೇಳಿದ್ದು ಯಾಕೋ, ನನಗೇ ತಿಳಿಯಲಿಲ್ಲ.

"ಪ್ಲಾಸ್ಟರಿಗೆ ಯಾವ ಬಣ್ಣ?" ಎಂದು ಕೇಳಿದೆ.

"ನಿಮಗೆ ಯಾವುದು ಇಷ್ಟ?"

"ಕೈ ನಿಮ್ಮದು."

"ನೋಡೋರು ನೀವು."

"ನಾನೆಲ್ಲಿ ನೋಡ್ತೀನಿ? ಹಾಕಿ ಕಳಿಸೋದಷ್ಟೇ ನನ್ನ ಕೆಲಸ."

ಅವನ ಮುಖ ಸಪ್ಪಗಾಯಿತು. ನಾನು ನನ್ನಿಷ್ಟದ ಹಸಿರನ್ನೇ ತೆಗೆದುಕೊಂಡೆ. ಒದ್ದೆ ಪಟ್ಟಿಯನ್ನು ಅಂಗೈಯಿಂದ ಸವರಿ ಸವರಿ ಕೂರಿಸುವುದು ನಮ್ಮ ಪದ್ಧತಿ. ಆವತ್ತು ಸ್ವಲ್ಪ ಹೆಚ್ಚೇ ಸವರಿದೆನೇನೋ, ಪಕ್ಕದ ಮೇಜಿನ ಡ್ಯೂಕೆ ಕೆಮ್ಮಿದಳು. ಅವಳು ಈ ಕೆಲಸದಲ್ಲಿ ನನಗಿಂತ ಹಿರಿಯಳು, ಅವಳ ಕಣ್ಣಿಗೆ ಎಕ್ಸ್‌ರೇ ಯಂತ್ರವೇ ಬೇಡ.

ಹೊರಡುವಾಗ ಬಾಗಿಲಲ್ಲಿ ನಿಂತು ಅವನು, "ಚಳಿ ಬೀಳೋದ್ರೊಳಗೆ ಇದು ಬಿಚ್ಚುತ್ತಾ? ನಮ್ಮೂರಿನ ಮಂಜಿನ ಮೇಸ್ತ್ರಿ ನಾನೇ," ಎಂದ.

ಹೆಜ್ಜೆಗೊಂದು ಕಾಲುವೆ ಇರುವ ನಮ್ಮ ಫ್ರೀಸ್‌ಲಾಂಡಿನಲ್ಲಿ ಅದು ಸಣ್ಣ ಹುದ್ದೆಯಲ್ಲ. ಕಾಲುವೆ ಹೆಪ್ಪುಗಟ್ಟಿದಾಗ ಮಂಜು ಎಷ್ಟು ದಪ್ಪವಿದೆ ಎಂದು ಕೊರೆದು ನೋಡಿ, ಇನ್ನು ಸ್ಕೇಟ್ ಕಟ್ಟಿಕೊಂಡು ಇಳಿಯಿರಿ ಎನ್ನುವವನು ಅವನು. ಮೊದಲ ಗೆರೆ ಅವನ ಸ್ಕೇಟಿನದೇ. ಹೆಪ್ಪುಗಟ್ಟುವ ಚಳಿಗಾಲವೇ ಅಪರೂಪವಾಗಿರುವಾಗ, ಆ ಭಾಗ್ಯಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ.

"ನೋಡೋಣ," ಎಂದೆ. ನೋಡುವುದು ನನ್ನ ಕೆಲಸವಲ್ಲ ಎಂದು ಆಗಷ್ಟೇ ಹೇಳಿದ್ದವಳು ನಾನೇ.

ಅವನು ಮತ್ತೆ ಬರಬೇಕಿದ್ದ ವಾರವೇ ಚಳಿ ಬಿತ್ತು. ಕಾಲುವೆಗಳು ಬಿಳಿಚಿದವು. ನಮ್ಮ ಕೋಣೆಯ ಮುಂದೆ ಜಾತ್ರೆಯೇ ಸೇರಿತು. ಎಲ್ಲರದೂ ಒಂದೇ ಪಲ್ಲವಿ: ನೋವಿಲ್ಲ, ಬಿಚ್ಚಿ. ಒಬ್ಬ ಅಜ್ಜಿ ಮುರಿದ ಕಾಲನ್ನೇ ನೆಲಕ್ಕೆ ಕುಟ್ಟಿ, "ನೋಡು, ಏನಾದ್ರೂ ಆಯ್ತಾ?" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಮಂಜು ಕಟ್ಟಿದರೆ ನಮ್ಮ ಜನ ಸುಳ್ಳು ಹೇಳುವುದು ಹೀಗೆ. ಅದಕ್ಕೇ ನಾವು ಬಾಯಿಮಾತು ಕೇಳುವುದಿಲ್ಲ, ಕಣ್ಣು ನೋಡುತ್ತೇವೆ.

ಆ ಗದ್ದಲದಲ್ಲೇ ಗೆರ್ಲೋಫ್ ಬಂದ. ಗರಗಸ ಗುಂಯ್ ಎಂದು ಪ್ಲಾಸ್ಟರ್ ಸೀಳಿತು. ಒಳಗಿನಿಂದ ಸೊರಗಿದ, ಸಿಪ್ಪೆ ಎದ್ದ ಕೈ ಹೊರಬಂತು. ಬೆಚ್ಚಗಿನ ನೀರಿನಲ್ಲಿ ಅದ್ದಿ ಬೆರಳು ಬೆರಳಿನ ಸಂದು ತೊಳೆದೆ. ಅವನು ನನ್ನನ್ನೇ ನೋಡುತ್ತಿದ್ದ, ನಾನು ತಲೆ ಎತ್ತಿದಾಗ ಮಾತ್ರ ನೀರನ್ನು.

ಹೊಸ ಎಕ್ಸ್‌ರೇ ಸ್ವಚ್ಛವಾಗಿತ್ತು. ಡಾಕ್ಟರ್ ಹೇಳಿ ಹೋಗಿದ್ದರು: ಗುಳಿಯಲ್ಲಿ ನೋವಿಲ್ಲದಿದ್ದರೆ ಬಿಡುಗಡೆ, ಇದ್ದರೆ ಮತ್ತೆ ಪ್ಲಾಸ್ಟರ್.

ಒತ್ತಿದೆ. "ನೋವಿದೆಯಾ?"

"ಇದೆ," ಎಂದ.

ಡ್ಯೂಕೆಯ ಕತ್ತರಿ ನಿಂತಿತು.

"ನಾಳೆ ನಿಮ್ಮೂರಲ್ಲಿ ಮಂಜಿಗೆ ಇಳೀತಾರಂತಲ್ಲ?" ಎಂದಳು ಅವಳು.

"ಹೌದು."

"ಪ್ಲಾಸ್ಟರ್ ಹಾಕಿದ್ರೆ ದಡದ ಮೇಲೆ ನಿಂತು ಬಟಾಣಿ ಸೂಪ್ ಕುಡೀಬೇಕಷ್ಟೇ."

"ಗೊತ್ತು."

ನನಗೆ ತಲೆಬುಡ ತಿಳಿಯಲಿಲ್ಲ. ಅವನು ಕುಂಯ್ ಎಂದಿರಲಿಲ್ಲ, ಹುಬ್ಬು ಅಲುಗಿರಲಿಲ್ಲ. ಆದರೆ ಇಂಥ ಚಳಿಯಲ್ಲಿ ನೋವಿದೆ ಎನ್ನುವ ಫ್ರೀಸ್‌ಲಾಂಡಿನವನು ಯಾಕೆ ಸುಳ್ಳು ಹೇಳುತ್ತಾನೆ? ನಿಜವಾಗಿದ್ದರೆ ಒಳಗೆ ಮೂಳೆ ಸಾಯುತ್ತಿದೆ, ಅದೂ ದೋಣಿ ಕಟ್ಟುವವನ ಬಲಗೈಯಲ್ಲಿ. ಸುಳ್ಳಾಗಿದ್ದರೆ? ಸುಳ್ಳೇ ಆಗಿರಲಿ ಎಂದು ಬೇಡಿಕೊಂಡೆ. ಅವನ ಕೈ ಉಳಿಯಲಿ ಎಂದೋ, ಇನ್ನೇನಕ್ಕೋ, ಅದೂ ಗೊತ್ತಾಗಲಿಲ್ಲ. ನಾಚಿಕೆಯಾಯಿತು.

ಅನುಮಾನ ಬಂದಾಗ ಎರಡೂ ಕಡೆ ಹೋಲಿಸಿ ನೋಡಬೇಕು, ಅದು ಪಾಠ. ಅವನ ಎಡಗೈ ತೆಗೆದುಕೊಂಡೆ. ಬೀಳದ, ಪೆಟ್ಟಾಗದ, ಗಟ್ಟಿಮುಟ್ಟಾದ ಕೈ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹೆಬ್ಬೆರಳ ಬುಡದಲ್ಲಿ ಒತ್ತಿದೆ.

"ಇಲ್ಲಿ?"

"ಅಯ್ಯೋ, ಅಲ್ಲಂತೂ ತುಂಬಾ."

ಡ್ಯೂಕೆ ನಗು ತಡೆಯಲಾರದೆ ಬಕೆಟ್ ಎತ್ತಿಕೊಂಡು ಹೊರಗೆ ಓಡಿದಳು.

"ಗೆರ್ಲೋಫ್," ಎಂದೆ, "ಇದು ಎಡಗೈ."

ಅವನು ಕೈ ನೋಡಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಕಿವಿಯ ತುದಿ ಕೆಂಪಾಯಿತು.

"ಯಾಕೆ ಹೀಗೆ ಮಾಡಿದ್ರಿ?"

"ಬಿಚ್ಚಿಬಿಟ್ರೆ..." ತಡವರಿಸಿದ. "ಬಿಚ್ಚಿಬಿಟ್ರೆ ಮತ್ತೆ ಬರೋಕೆ ನನಗೆ ಏನು ನೆಪ ಇದೆ? ಹಾಕಿ ಕಳಿಸೋದಷ್ಟೇ ಅಂದಿದ್ರಿ. ಇನ್ನೊಂದು ಕೈ ಮುರ್ಕೊಳ್ಳೋಣ ಅಂತಲೂ ಯೋಚಿಸಿದೆ."

ಸಂತೋಷವಾಯಿತು, ಹೇಳಲಾರದಷ್ಟು. ಅದರ ಬೆನ್ನಿಗೇ ಸಿಟ್ಟು ಬಂತು.

"ಬುದ್ಧಿ ಇದೆಯಾ ನಿಮಗೆ? ನಾನು ಆ ಮೂಳೆ ಸತ್ತೇಹೋಯ್ತು ಅಂದ್ಕೊಂಡೆ! ಈಗ ನಿಜ ಹೇಳಿ." ಬಲಗೈ ಎಳೆದುಕೊಂಡು ಒತ್ತಿದೆ. "ನೋವಿದೆಯಾ?"

"ಇಲ್ಲ."

ಮತ್ತೆ ಗೊಂದಲ. ಈ 'ಇಲ್ಲ' ನಿಜವೋ, ನಾಳೆಯ ಮಂಜಿಗಾಗಿ ಹೇಳಿದ ಊರ ಸುಳ್ಳೋ? ಹೆಬ್ಬೆರಳನ್ನು ಹಿಡಿದು ಮಣಿಕಟ್ಟಿನ ಕಡೆಗೆ ಜೋರಾಗಿ ನೂಕಿದೆ. ಬಿರುಕಿದ್ದರೆ ಎಂಥ ಗಂಡಸೂ ಕಣ್ಣು ಮುಚ್ಚಲೇಬೇಕು. ಅವನ ಕಣ್ಣು ನನ್ನ ಮೇಲಿಂದ ಕದಲಲಿಲ್ಲ. ಎಷ್ಟು ಹೊತ್ತು ನೋಡಬೇಕಿತ್ತೋ ಅದಕ್ಕಿಂತ ಹೆಚ್ಚೇ ನೋಡಿದೆ.

ಡಾಕ್ಟರ್ ಬಂದು ತಾವೂ ಒತ್ತಿ ನೋಡಿ, ಬರೀ ಪೆಟ್ಟಷ್ಟೇ ಎಂದು ಒಪ್ಪಿದರು. ಗೆರ್ಲೋಫ್ ಎದ್ದ, ಹೊರಡಲಿಲ್ಲ.

"ಹಾಗಾದ್ರೆ ನಾನಿನ್ನು ಇಲ್ಲಿಯ ರೋಗಿ ಅಲ್ಲ," ಎಂದ.

"ಅಲ್ಲ. ಅದಕ್ಕೇ ಈಗ ಕೇಳಬಹುದು."

"ಏನು?"

"ದೋಣಿ ಕಟ್ಟೋನಿಗೆ ಇದನ್ನೂ ನಾನೇ ಹೇಳ್ಕೊಡಬೇಕಾ? ನಾಳೆ ನನಗೆ ರಜೆ. ಸ್ಕೇಟ್ ಇದೆ. ಯಾರೂ ಕರೆದಿಲ್ಲ."

ಮರುದಿನ ಬೆಳಿಗ್ಗೆ ಊರೆಲ್ಲ ದಡದ ಮೇಲೆ ನಿಂತಿತ್ತು. ಅವನು ಕೊರೆದ, ಅಳೆದ, ತಲೆಯಾಡಿಸಿದ. ಮೊದಲ ಗೆರೆ ಎಳೆಯುವ ಬದಲು ದಡದ ಹತ್ತಿರ ಬಂದು ನನಗೆ ಎಡಗೈ ಚಾಚಿದ. ಊರವರು ಹೋ ಎಂದರು.

"ಆ ಕೈ ಬೇಡ," ಎಂದೆ. "ಇನ್ನೊಂದು ಕೊಡು."

ಬಲಗೈ ಕೊಟ್ಟ. ತೆಳ್ಳಗೆ, ತಣ್ಣಗೆ ಇತ್ತು. ಹಿಡಿದು ಮಂಜಿಗೆ ಇಳಿದೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಅಭ್ಯಾಸಬಲದಿಂದ ನನ್ನ ಹೆಬ್ಬೆರಳು ಆ ಗುಳಿಯ ಮೇಲೆಯೇ ಹೋಗಿ ಕೂತಿತು.

"ನೋಯುತ್ತಾ?" ಎಂದು ಕೇಳಿದೆ.

"ಏನಂದ್ರೆ ಕೈ ಬಿಡಲ್ಲ ಹೇಳು," ಎಂದ, "ಅದನ್ನೇ ಹೇಳ್ತೀನಿ."