ತಕ್ಕಡಿ ಮೇಲಿನ ಹೂಕೋಸು

"ಒಂದು ನಿಮಿಷ ಇರಿ, ತಟ್ಟೆಗೆ ಹಾಕೋ ಮುಂಚೆ ತೂಕ ನೋಡೋಣ."

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಗಂಡ ಅವಳ ಪಕ್ಕದಲ್ಲಿ ನಿಂತು ಆಡಿದ ಮೊದಲ ಮಾತು ಇದು.

ಇಬ್ಬರು ನಿಂತರೆ ಭುಜ ತಾಗುವಷ್ಟು ಚಿಕ್ಕ ಅಡುಗೆಮನೆ. ಅವಳ ಎದೆ ಢವಢವ ಎನ್ನುತ್ತಿತ್ತು. ಅವನೋ, ಏರ್ ಫ್ರೈಯರ್‌ನಿಂದ ತೆಗೆದ ಕ್ಯಾರೆಟ್, ಹೂಕೋಸನ್ನು ಪುಟ್ಟ ತಕ್ಕಡಿಯ ಮೇಲಿಟ್ಟು ಮೊಬೈಲ್ ಒತ್ತುತ್ತಿದ್ದ.

"ಎಷ್ಟು ಕ್ಯಾಲರಿ ಆಯ್ತು ಅಂತ ದಿನಾ ನೋಡ್ಕೊಂಡ್ರೆ ನಿಮಗೇ ಒಳ್ಳೇದು, ಅಲ್ವಾ?"

ಅವಳ ಮುಖ ಬಾಡಿತು. 'ಓ... ಹಾಗಾದರೆ ಇವರ ಕಣ್ಣಿಗೂ ನಾನು ದಪ್ಪ.'

ಅವಳು ಟೈಲರ್. ದಿನವಿಡೀ ಊರವರ ಸೊಂಟಕ್ಕೆ ಟೇಪು ಹಿಡಿಯುವವಳು. ತವರಿನಲ್ಲಿ ಅವಳ ತಟ್ಟೆಯ ಮೇಲೆ ಅಮ್ಮನ ಹದ್ದಿನ ಕಣ್ಣು. "ಗಾಳಿ ಕುಡಿದ್ರೂ ಊದ್ಕೋತೀಯ ಕಣೇ ನೀನು" ಎನ್ನುವುದು ದಿನಕ್ಕೊಮ್ಮೆಯಾದರೂ ಇದ್ದೇ ಇತ್ತು. ಮದುವೆಯಾದರೆ ಬಿಡುಗಡೆ ಅಂದುಕೊಂಡಿದ್ದಳು. ಪಾಪ, ಬಾಣಲೆಯಿಂದ ಬೆಂಕಿಗೆ ಬಿದ್ದಳು.

ಅವನು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಅಳೆಯದೆ ಯಾವುದನ್ನೂ ನಂಬುವ ಆಸಾಮಿಯಲ್ಲ. ಪ್ರತಿ ಸಂಜೆ ಬಂದವನೇ ಅವಳು ತೂಗಿ ಬರೆದಿಟ್ಟ ಅಂದಿನ ಲೆಕ್ಕ ನೋಡುತ್ತಿದ್ದ. ನೋಡಿ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದ.

'ಇವತ್ತೂ ಜಾಸ್ತಿ ಆಯ್ತೇನೋ...' ಮರುದಿನ ಅವಳು ಇನ್ನೂ ಕಮ್ಮಿ ತಿನ್ನುತ್ತಿದ್ದಳು. ಅವನ ಮುಖ ಇನ್ನೂ ಸಣ್ಣದಾಗುತ್ತಿತ್ತು.

ಒಬ್ಬರಾದರೂ ಬಾಯಿಬಿಟ್ಟು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೊಸ ಸಂಸಾರ ನೋಡಿ, ಅವಳಿಗೆ ಬಿಗುಮಾನ, ಅವನಿಗೆ ಸಂಕೋಚ.

ರವಿಕೆಗಳನ್ನೆಲ್ಲ ಒಳಗೆ ಹಿಡಿದು ಹೊಲಿದಿದ್ದಾಯಿತು. ಎದ್ದರೆ ಕಣ್ಣು ಕತ್ತಲೆ. ತವರಿಗೆ ಹೋದರೆ ಅಮ್ಮ, ಇಲ್ಲಿದ್ದರೆ ತಕ್ಕಡಿ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಅವಳು ಕೆಲಸಕ್ಕೆ ಹೋಗುತ್ತಿದ್ದ ಹೊಲಿಗೆ ಅಂಗಡಿಯ ಒಡತಿ, "ಮಹಡಿ ಮೇಲಿನ ರೂಮು ಖಾಲಿ ಇದೆ, ಬಾರಮ್ಮ" ಎಂದಳು. ಅಂದೇ ಬ್ಯಾಗು ಕಟ್ಟಿದಳು.

ಹೊರಡುವ ಮುಂಚೆ ಹೊಟ್ಟೆ ಚುರ್ ಎಂದಿತು. ಮನೆಯಲ್ಲಿದ್ದ ಆಲೂಗಡ್ಡೆಯನ್ನೆಲ್ಲ ಹೆಚ್ಚಿ, ಧಾರಾಳವಾಗಿ ಎಣ್ಣೆ ಸುರಿದು, ಏರ್ ಫ್ರೈಯರ್‌ಗೆ ತುಂಬಿದಳು. ಕೆಂಪಗಾದದ್ದೇ ತಡ, ನಿಂತಲ್ಲೇ ಬಾಯಿ ಸುಡುತ್ತಿದ್ದರೂ ತಿನ್ನತೊಡಗಿದಳು. ಕಣ್ಣಲ್ಲಿ ಧಾರಾಕಾರ ನೀರು.

ಬಾಗಿಲು ತೆರೆಯಿತು. ಅವನು!

"ಬರ್ಕೊಳ್ಳಿ," ಎಂದಳು ತುಂಬಿದ ಬಾಯಲ್ಲೇ. "ತೂಕ ಹಾಕಿಲ್ಲ. ಎಣ್ಣೇನೂ ಅಳತೆ ಮಾಡಿಲ್ಲ. ಏನ್ ಮಾಡ್ತೀರೋ ಮಾಡಿ."

ಅವನು ಆಲೂಗಡ್ಡೆ ನೋಡಿದ, ಅವಳನ್ನು ನೋಡಿದ. ಹೋದ ಜೀವ ಬಂದಂತೆ ಗೋಡೆಗೆ ಒರಗಿದ.

"ಅಬ್ಬಾ... ಅಂತೂ ಹೊಟ್ಟೆ ತುಂಬ ತಿಂತಿದೀರಲ್ಲ."

"ಏನು?"

"ಮದುವೆಗೆ ಮುಂಚೆ ಊಟ ಬಿಟ್ಟು ಅಂಗಡೀಲೇ ತಲೆ ತಿರುಗಿ ಬಿದ್ದಿದ್ರಂತೆ. ನಿಮ್ಮಣ್ಣ ಹೇಳಿದ್ರು. ದಿನಾ ಇಷ್ಟಾದ್ರೂ ಹೊಟ್ಟೆಗೆ ಹೋಗ್ಲಿ ಅಂತ ಲೆಕ್ಕ ಇಟ್ಟೆ. ನೋಡಿದ್ರೆ ದಿನಾ ಕಮ್ಮೀನೇ ಆಗ್ತಾ ಬಂತು..."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು, ಆಮೇಲೆ ಕೆಟ್ಟ ಕೋಪ.

"ಹೇಳೋಕೇನಾಗಿತ್ತು ರೀ? ಈ ಮನೆಗೆ ಬಂದಾಗಿಂದ ಹಸ್ಕೊಂಡಿದೀನಿ ನಾನು."

"ತಿನ್ನಿ ತಿನ್ನಿ ಅಂದ್ರೆ ನಿಮಗೆ ಬೇಜಾರಾಗತ್ತೇನೋ ಅಂತ..." ಅವನ ಮಾತು ನಿಂತಿತು. ಬಾಗಿಲ ಹತ್ತಿರದ ಬ್ಯಾಗು ಈಗ ಕಣ್ಣಿಗೆ ಬಿದ್ದಿತ್ತು. "ಹೋಗ್ಬೇಡಿ. ನೀವಂದ್ರೆ ನಂಗೆ ತುಂಬಾ ಇಷ್ಟ. ಅದನ್ನ ಹೇಳೋಕೆ ಬರಲ್ಲ, ಅಳೆಯೋದೊಂದೇ ಗೊತ್ತು."

ಅವಳು ಒಮ್ಮೆ ಬ್ಯಾಗಿನ ಕಡೆ ನೋಡಿದಳು. ಸಿಟ್ಟು ಇಳಿದಿರಲಿಲ್ಲ, ಆದರೆ ಕಾಲೂ ಬಾಗಿಲಿನ ಕಡೆ ಹೊರಳಲಿಲ್ಲ.

"ನಾನು ಇಲ್ಲಿರಬೇಕಂದ್ರೆ, ನನ್ನ ತಟ್ಟೆ ಲೆಕ್ಕ ಯಾರೂ ಇಡಕೂಡದು. ನನ್ನ ಒಳ್ಳೇದಕ್ಕೂ ಬೇಡ."

"ಇಡಲ್ಲ. ಆದ್ರೆ ನೀವು ತಿಂದ್ರೋ ಬಿಟ್ರೋ ನಂಗೆ ಹೇಗೆ ಗೊತ್ತಾಗ್ಬೇಕು?"

"ದೇವರು ಬಾಯಿ ಕೊಟ್ಟಿಲ್ವಾ? ಕೇಳಿ."

ಅವನು ಹತ್ತಿರ ಬಂದ. ಅವಳ ಕೆನ್ನೆಯ ನೀರನ್ನು ಹೆಬ್ಬೆರಳಿನಿಂದ ಒರೆಸಿದ.

"ಹಸಿವಾಗಿದ್ಯಾ?"

"ಹ್ಞೂಂ... ಇನ್ನೂ ಇದೆ."